ಜೇನು ಬದಲಾಯ್ತಾ, ಜೀನು ಬದಲಾಯ್ತಾ?

ಪೊಟರೆಜೇನು (ಭಾಗಮಂಡಲ ಕಡೆ) • ಮಾರ್ಚ್ 19, ರಾತ್ರಿ 8:40

ಹೂಮಳೆ ಬಿದ್ದು ಒಂಬತ್ತು ದಿನ. ಕಾಫಿ ತೋಟ ಪೂರ್ತಿ ಹೂ ಬಿಟ್ಟು ಬೆಳ್ಳಗಾಗಿದೆ. ಜೇನು ಪೆಟ್ಟಿಗೆಗಳ ಹತ್ತಿರ ಹೋದರೆ ದೂರದಲ್ಲಿ ಅಕ್ಕಿ ಮಿಲ್ಲು ಓಡಿದ ಹಾಗೆ ಸದ್ದು. ಖುಷಿಯಾಗಿ ಇರಬೇಕಾದ ಹೊತ್ತಲ್ಲಿ ಒಂದು ಪ್ರಶ್ನೆ ತಲೆಗೆ ಹೊಕ್ಕಿದೆ, ಬಿಡ್ತಾ ಇಲ್ಲ.

ಅಪ್ಪನ ಹತ್ತಿರ 40 ಪೆಟ್ಟಿಗೆ ತುಡುವೆ ಜೇನು ಇತ್ತು. 1992ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂತು. ನಾನಾಗ ಆರನೇ ಕ್ಲಾಸು. ಅಪ್ಪ ಮರಿ ಬೆಳೆಯುವ ಸಂಸಾರ ಕೋಣೆಯಿಂದ ಒಂದು ಎರಿ (ಮೇಣದ ಹಲ್ಲೆ) ಎತ್ತಿ ತೋರಿಸಿದ್ದು ಇನ್ನೂ ಕಣ್ಣಲ್ಲಿದೆ. ಮರಿಹುಳುಗಳು ಕೋಶದೊಳಗೆ ಉದ್ದಕ್ಕೆ ಚಾಚಿ ಸತ್ತಿದ್ದವು, ತಲೆ ಮಾತ್ರ ದೋಣಿಯ ಮೂತಿಯ ಹಾಗೆ ಮೇಲಕ್ಕೆ. ಸೂಜಿಯಲ್ಲಿ ಎತ್ತಿದರೆ ಅದು ಹುಳು ಅಲ್ಲ, ನೀರು ತುಂಬಿದ ಸಣ್ಣ ಚೀಲ. ಮುಂದಿನ ಮಳೆಗಾಲದ ಹೊತ್ತಿಗೆ ಉಳಿದದ್ದು 2 ಪೆಟ್ಟಿಗೆ. ಖಾಲಿ ಪೆಟ್ಟಿಗೆ ಎಲ್ಲ ಅಟ್ಟಕ್ಕೆ ಹೋಯ್ತು. ಕೆಲವದರಲ್ಲಿ ಕೋಳಿ ಕಾವಿಗೆ ಕೂತಿತ್ತು.

2003ರಲ್ಲಿ ನಾನು ಮತ್ತೆ ಶುರು ಮಾಡಿದೆ. ಮರದ ಪೊಟರೆ, ಕಲ್ಲಿನ ಸಂದು, ಹುತ್ತ, ಎಲ್ಲಿ ಸಿಕ್ಕಿತೋ ಅಲ್ಲಿಂದ ಹಿಡಿದು ತಂದು ಈಗ 22 ಪೆಟ್ಟಿಗೆ. ಹೋದ ವರ್ಷ ಆಸೆಪಟ್ಟು ಹೊರಗಿಂದ 6 ಪೆಟ್ಟಿಗೆ ಕೊಂಡೆ. ಜೂನ್ ಹೊತ್ತಿಗೆ ಅದರಲ್ಲಿ 5ಕ್ಕೆ ಅದೇ ರೋಗ. ಹತ್ತು ಹೆಜ್ಜೆ ಆಚೆ ಇದ್ದ ನನ್ನ ಹಳೇ ಪೆಟ್ಟಿಗೆಗಳು ಆರಾಮ. ಒಂದೆರಡರಲ್ಲಿ ಸತ್ತ ಮರಿ ಕಂಡಿತು, ಜೇನುನೊಣಗಳೇ ಎಳೆದು ಹೊರಗೆ ಹಾಕಿದವು.

ಇದು ವಿಕಾಸವಾ? ದೊಡ್ಡಪ್ಪನ ಮಗ ನಗ್ತಾನೆ. "ವಿಕಾಸ ಅಂದರೆ ಲಕ್ಷಾಂತರ ವರ್ಷ ಕಣೋ, ನಿನ್ನ ಅಟ್ಟದ ಪೆಟ್ಟಿಗೆಯಲ್ಲಿ ಆಗೋದಲ್ಲ" ಅಂತಾನೆ. ತಿಳಿದವರು ಹೇಳಿ.

ಮಂಜುಮುಸುಕು • ರಾತ್ರಿ 8:52

ಜೇನಿಗೆ ರೋಗ ಅಭ್ಯಾಸ ಆಗಿದೆ ಅಷ್ಟೆ. ನಮಗೆ ಜುಲೈ ಮಳೆ ಅಭ್ಯಾಸ ಆದ ಹಾಗೆ.

ಬಯೋಟೀಚರ್ (ಮಡಿಕೇರಿ) • ರಾತ್ರಿ 9:15

ಮಂಜು ಅವರೇ, ಯಾವ ನೊಣಕ್ಕೆ ಅಭ್ಯಾಸ ಆಯ್ತು? ಕೆಲಸಗಾರ ನೊಣ ಬದುಕುವುದೇ ಆರೇಳು ವಾರ. 1992ರ ನೊಣ ಯಾವುದೂ ಇವತ್ತು ಇಲ್ಲ, ಅದರ ರಾಣಿಯೂ ಇಲ್ಲ. ನಮ್ಮ ಹುಡುಗರು ಪರೀಕ್ಷೆಯಲ್ಲಿ ಬರೆಯುವ ತಪ್ಪೂ ಇದೇ. ಜಿರಾಫೆ ಕತ್ತು ಚಾಚಿ ಚಾಚಿ ಉದ್ದ ಆಯ್ತು ಅಂತ.

ಒಂದು ಪ್ರಾಣಿ ಬದಲಾಗುವುದಲ್ಲ. ಗುಂಪಿನೊಳಗಿನ ಪಾಲು ಬದಲಾಗುವುದು. ಅಪ್ಪನ 40 ಪೆಟ್ಟಿಗೆ ನೋಡಲು ಒಂದೇ ಥರ ಇದ್ದಿರಬಹುದು, ಒಳಗೆ ಒಂದೇ ಥರ ಇರಲಿಲ್ಲ. ಕೆಲವಕ್ಕೆ ರೋಗ ತಡೆಯುವ ಗುಣ ಸ್ವಲ್ಪ ಜಾಸ್ತಿ, ಕೆಲವಕ್ಕೆ ಕಡಿಮೆ. ರೋಗ ಬಂದಾಗ ಕಡಿಮೆ ಇದ್ದವು ಸತ್ತವು, ಮುಂದಿನ ತಲೆಮಾರಿಗೆ ಏನೂ ಕೊಡಲಿಲ್ಲ. ಉಳಿದವು ಕೊಟ್ಟವು. ಇಷ್ಟೇ. ಇದಕ್ಕೆ ಲಕ್ಷ ವರ್ಷ ಬೇಡ. ಜೇನಿಗೆ ವರ್ಷ ಎರಡು ವರ್ಷಕ್ಕೆ ಒಂದು ತಲೆಮಾರು. 1992ರಿಂದ ಲೆಕ್ಕ ಹಾಕಿ.

ಆದರೆ ಮೂರು ಕಂಡೀಷನ್. ಗುಂಪಿನಲ್ಲಿ ವ್ಯತ್ಯಾಸ ಇರಬೇಕು. ಅದು ತಾಯಿತಂದೆಯಿಂದ ಮಕ್ಕಳಿಗೆ ಬರಬೇಕು. ಆ ವ್ಯತ್ಯಾಸದಿಂದಾಗಿ ಯಾರು ಎಷ್ಟು ಮರಿ ಬಿಡುತ್ತಾರೆ ಅನ್ನುವುದು ಬದಲಾಗಬೇಕು. ನಿಮ್ಮ ಕತೆಯಲ್ಲಿ ಮೊದಲನೆಯದು, ಮೂರನೆಯದು ಕಾಣುತ್ತದೆ. ಎರಡನೆಯದಕ್ಕೆ ಇನ್ನೂ ಸಾಕ್ಷಿ ಇಲ್ಲ. ಜೇನಿನ ಜೀನು ನೋಡದೆ ತೀರ್ಪು ಕೊಡಲ್ಲ.

ಕಣದಕಾವಲು (ಸುಂಟಿಕೊಪ್ಪ) • ರಾತ್ರಿ 9:31

"ಜೇನಿನ ಜೀನು" ಅಂತ ಮೊಬೈಲಲ್ಲಿ ಟೈಪ್ ಮಾಡಲು ಮೂರು ಸಲ ಸರಿ ಮಾಡಿರಬೇಕು ಮೇಡಂ 😄

ಕಾಫಿ ಹಣ್ಣು ಕೊರೆಯುವ ಬೆರ್ರಿ ಬೋರರ್ ಹುಳದ ಕತೆಯೂ ಹೀಗೇ ಅಲ್ವಾ? ಎಂಡೋಸಲ್ಫಾನ್ ಹೊಡೆದು ಹೊಡೆದು ಕೊನೆಗೆ ಸಾಯದ ಹುಳ ಹುಟ್ಟಿತು ಅಂತಾರೆ.

ಬಯೋಟೀಚರ್ • ರಾತ್ರಿ 9:48

ಅದು ದಾಖಲಾಗಿರುವುದು ನ್ಯೂ ಕ್ಯಾಲೆಡೋನಿಯಾ ಅನ್ನುವ ದ್ವೀಪದಲ್ಲಿ, 1980ರ ದಶಕದ ಕೊನೆಯಲ್ಲಿ. ಎಂಡೋಸಲ್ಫಾನ್ ತಡೆದುಕೊಳ್ಳುವ ಬೋರರ್ ಅಲ್ಲಿನ ತೋಟಗಳಲ್ಲಿ ಸಿಕ್ಕಿತು. ನಮ್ಮ ದೇಶಕ್ಕೆ ಈ ಹುಳ ಬಂದದ್ದೇ 1990ರಲ್ಲಿ, ಮೊದಲು ಕಂಡದ್ದು ಗೂಡಲೂರು ಕಡೆ.

ಒಂದು ಮಾತು ತಿದ್ದುತ್ತೇನೆ. ಔಷಧಿ ಹೊಡೆದದ್ದಕ್ಕೆ ಸಾಯದ ಹುಳ ಹುಟ್ಟಲಿಲ್ಲ. ಅಂಥ ಒಂದೆರಡು ಮೊದಲೇ ಎಲ್ಲೋ ಇದ್ದವು, ಅಥವಾ ಔಷಧಿಗೂ ಸಂಬಂಧ ಇಲ್ಲದೆ ಹುಟ್ಟಿಕೊಂಡವು. ಔಷಧಿ ಮಾಡಿದ್ದು ಬೇರೆಯವರನ್ನೆಲ್ಲ ಕೊಂದು ಇವಕ್ಕೆ ಜಾಗ ಖಾಲಿ ಮಾಡಿಕೊಟ್ಟ ಕೆಲಸ.

ಕಣದಕಾವಲು • ರಾತ್ರಿ 10:05

ಸರಿ ಮೇಡಂ. ಆದರೆ ಈ ಹುಳದ ಸಂಸಾರ ನೋಡಿದವರಿಗೆ ಅದು ಅಷ್ಟು ಬೇಗ ಹೇಗೆ ಹರಡಿತು ಅಂತ ಆಶ್ಚರ್ಯ ಆಗಲ್ಲ. ಕೊಯ್ಲಿನ ಹೊತ್ತಲ್ಲಿ ಒಂದು ತೂತು ಬಿದ್ದ ರೊಬಸ್ಟಾ ಹಣ್ಣು ಬ್ಲೇಡಿನಲ್ಲಿ ಸೀಳಿ ನೋಡಿ. ತುದಿಯ ಹೊಕ್ಕುಳಲ್ಲೇ ಗುಂಡುಸೂಜಿ ಚುಚ್ಚಿದಂಥ ತೂತು. ಒಳಗೆ ಬೇಳೆ ಪುಡಿಪುಡಿ. ಎರಡು ಮಿಲಿಮೀಟರ್ ಕೂಡ ಇಲ್ಲದ ಕಪ್ಪು ತಾಯಿ, ಸುತ್ತ ಬಿಳಿ ಮರಿ. ಗಂಡಿಗೆ ಹಾರಲು ಬರಲ್ಲ, ಆ ಹಣ್ಣಿನ ಒಳಗೇ ಹುಟ್ಟಿ ಅಲ್ಲೇ ಸಾಯ್ತದೆ. ಅಕ್ಕತಂಗಿಯರ ಜೊತೆಗೇ ಅದರ ಸಂಸಾರ. ಹೊರಗೆ ಬರುವ ಹೆಣ್ಣು ಆಗಲೇ ಬಸುರಿ. ಒಂದು ಗಟ್ಟಿ ತಾಯಿ ಇದ್ದರೆ ಸಾಕು, ಎರಡು ಮೂರು ತಲೆಮಾರಲ್ಲಿ ಅದರ ವಂಶ ಪೂರ್ತಿ ಗಟ್ಟಿ.

ಅದಕ್ಕೇ ನಾನು ಹೇಳೋದು, ಬಿದ್ದ ಕಾಯಿ ಹೆಕ್ಕಿಸಿ, ಗಿಡದಲ್ಲಿ ಒಂದೂ ಬಿಡಬೇಡಿ. ಯಾವ ಹುಳವೂ "ಹೆಕ್ಕುವುದನ್ನು ತಡೆದುಕೊಳ್ಳುವ ಶಕ್ತಿ" ಬೆಳೆಸಲು ಆಗಲ್ಲ. ಆಳು ಸಿಗಲ್ಲ ಅನ್ನೋದು ಬೇರೆ ಕತೆ.

ಮಂಜುಮುಸುಕು • ರಾತ್ರಿ 10:11

ಯಾಕೆ ಆಗಲ್ಲ? ಬೇಗ ಉದುರಿ ಎಲೆ ಅಡಿ ಅಡಗುವ ಕಾಯಿಯನ್ನೇ ಇಷ್ಟಪಡುವ ಹುಳಕ್ಕೆ ಲಾಭ ತಾನೇ?

ಕಣದಕಾವಲು • ರಾತ್ರಿ 10:14

ನಿದ್ದೆ ಕೆಡಿಸಿದಿರಿ ಮಾರಾಯ್ರೆ.

ಹಳೇಪ್ಲಾಂಟರ್ • ಮಾರ್ಚ್ 20, ಬೆಳಗ್ಗೆ 6:20

ಎಲೆ ತುಕ್ಕು ರೋಗವೂ ಹಾಗೇ. ಕೆಂಟ್ಸ್ ಕಾಫಿ ಬಂದಾಗ ಇನ್ನು ತುಕ್ಕಿನ ಚಿಂತೆ ಇಲ್ಲ ಅಂದರು. ಆಮೇಲೆ ಅದನ್ನೂ ಹಿಡಿಯುವ ಹೊಸ ತಳಿಯ ತುಕ್ಕು ಬಂತು. ಎಸ್.795 ಬಂತು, ಅದಕ್ಕೂ ಈಗ ಸಾಕಷ್ಟು ತುಕ್ಕು ಹತ್ತುತ್ತದೆ. ನಮ್ಮ ತಾತ...

ಅಡ್ಮಿನ್ • ಬೆಳಗ್ಗೆ 7:02

ಸಾರ್, ತುಕ್ಕು ಶಿಲೀಂಧ್ರ. ಇಲ್ಲಿ ಪ್ರಾಣಿಗಳ ಮಾತು ನಡೆಯುತ್ತಿದೆ. ತಾತನ ಕತೆಗೆ ಕಾಫಿ ವಿಭಾಗದಲ್ಲಿ ಹೊಸ ಎಳೆ ಶುರು ಮಾಡಿ, ಎಲ್ಲರೂ ಓದುತ್ತೇವೆ.

ಆನೆಚೌಕೂರು • ಬೆಳಗ್ಗೆ 7:40

ಕೊಡಗಿನಲ್ಲಿ ವಿಕಾಸದ ಮಾತು ಬಂದು ಆನೆ ಬರದೇ ಇದ್ದರೆ ಹೇಗೆ. ನಮ್ಮ ತೋಟದ ಸೋಲಾರ್ ಬೇಲಿಗೆ ಮೊದಲು ಸೊಂಡಿಲು ಹಾಕಿ ಶಾಕ್ ಹೊಡೆಸಿಕೊಂಡು ಓಡ್ತಿದ್ದವು. ಈಗ ಕೊಂಬನ ಪ್ಲಾನೇ ಬೇರೆ. ದಂತದಲ್ಲಿ ತಂತಿ ಎತ್ತಿ ಕಿತ್ತು ಹಾಕ್ತದೆ, ದಂತಕ್ಕೆ ಶಾಕ್ ಹತ್ತಲ್ಲ. ಹಿಂದೆ ಬರುವ ಮರಿಯಾನೆ ನಿಂತು ನೋಡ್ತದೆ. ಹತ್ತೇ ವರ್ಷದಲ್ಲಿ ಇಷ್ಟು ಬದಲು. ವಿಕಾಸ ಅಲ್ಲದೆ ಮತ್ತೆಂತದು?

ಬಯೋಟೀಚರ್ • ಬೆಳಗ್ಗೆ 8:05

ಕಲಿಕೆ. ಅಪ್ಪಟ ಕಲಿಕೆ. ಮರಿ ನೋಡಿ ಕಲಿತದ್ದು ರಕ್ತದಲ್ಲಿ ಬಂದದ್ದಲ್ಲ. ಆ ಮರಿಯನ್ನು ಚಿಕ್ಕಂದಿನಲ್ಲೇ ಬೇಲಿ ಇಲ್ಲದ ಕಾಡಿಗೆ ಬಿಟ್ಟರೆ ಅದಕ್ಕೆ ಈ ವಿದ್ಯೆ ಇರಲ್ಲ. ಅಲ್ಲದೆ ಆನೆಗೆ ಒಂದು ತಲೆಮಾರು ಅಂದರೇ ಇಪ್ಪತ್ತು ವರ್ಷದ ಮೇಲೆ. ಹತ್ತು ವರ್ಷದಲ್ಲಿ ಅರ್ಧ ತಲೆಮಾರೂ ಆಗಲಿಲ್ಲ.

ಆದರೆ ಆನೆಯಲ್ಲಿ ನಿಜವಾದ ಉದಾಹರಣೆ ಬೇಕಿದ್ದರೆ ಮೊಜಾಂಬಿಕ್‌ಗೆ ಹೋಗಿ. ಗೊರೊಂಗೋಸಾ ಕಾಡು. 1977ರಿಂದ 1992ರವರೆಗೆ ಅಲ್ಲಿ ಅಂತರ್ಯುದ್ಧ. ಎರಡೂ ಕಡೆಯವರು ದಂತಕ್ಕಾಗಿ ಆನೆ ಹೊಡೆದರು, ಶೇ 90ಕ್ಕಿಂತ ಜಾಸ್ತಿ ಆನೆ ಹೋದವು. ಆಫ್ರಿಕಾದಲ್ಲಿ ಹೆಣ್ಣಿಗೂ ದಂತ ಇರುತ್ತದಲ್ಲ, ಯುದ್ಧಕ್ಕೆ ಮೊದಲು ಹೆಣ್ಣುಗಳಲ್ಲಿ ದಂತ ಇಲ್ಲದವು ಶೇ 18.5 ಇದ್ದವು. ಯುದ್ಧದ ನಂತರ ಶೇ 50.9. ಯುದ್ಧ ಮುಗಿದ ಮೇಲೆ ಹುಟ್ಟಿದ ಹೆಣ್ಣುಮರಿಗಳಲ್ಲೂ ದಂತ ಇಲ್ಲದವು ಮೊದಲಿಗಿಂತ ಜಾಸ್ತಿ. ಅಲ್ಲಿಗೆ ನಾನು ಹೇಳಿದ ಎರಡನೇ ಕಂಡೀಷನ್ ಪಾಸ್. 2021ರಲ್ಲಿ ಇದರ ಜೀನಿನ ಜಾಡೂ ಸಿಕ್ಕಿತು. ಹೆಣ್ಣಿಗೆ ಎರಡು, ಗಂಡಿಗೆ ಒಂದೇ ಇರುವ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಹೆಣ್ಣಿಗೆ ಬಂದರೆ ದಂತ ಇಲ್ಲ ಅಷ್ಟೆ, ಗಂಡುಮರಿಗೆ ಬಂದರೆ ಅದು ಹೊಟ್ಟೆಯಲ್ಲೇ ಸಾಯುತ್ತದೆ. ದಂತ ಇಲ್ಲದ ಗಂಡು ಅಲ್ಲಿ ಕಾಣದ್ದು ಅದಕ್ಕೇ.

ಆನೆಚೌಕೂರು • ಬೆಳಗ್ಗೆ 8:30

ನಮ್ಮಲ್ಲಿ ದಂತ ಇಲ್ಲದ ಗಂಡು ಇದೆಯಲ್ಲ, ಮಕ್ನಾ. ನಮ್ಮ ಕಡೆ ಅಪರೂಪ. ಆದರೆ ಶ್ರೀಲಂಕಾದಲ್ಲಿ ದಂತ ಇರುವ ಗಂಡೇ ಅಪರೂಪ ಅಂತ ಕೇಳಿದ್ದೇನೆ. ಅಲ್ಲೂ ಬೇಟೆನಾ?

ಎಲೆಚಿಟ್ಟೆ (ಪೊನ್ನಂಪೇಟೆ) • ಬೆಳಗ್ಗೆ 8:51

ನಮ್ಮ ಏಷ್ಯಾ ಆನೆಯಲ್ಲಿ ದಂತ ಗಂಡಿಗೆ ಮಾತ್ರ, ಹಾಗಾಗಿ ಮೊಜಾಂಬಿಕ್ ಲೆಕ್ಕ ಇಲ್ಲಿ ನೇರ ಕೂರಲ್ಲ. ದಂತಚೋರರ ಕಾಲದಲ್ಲಿ ದಕ್ಷಿಣದಲ್ಲಿ ಮೊದಲು ಎದ್ದು ಕಂಡದ್ದು ಗಂಡುಗಳೇ ಖಾಲಿಯಾದದ್ದು. ಪೆರಿಯಾರ್ ಕಾಡಿನಲ್ಲಿ ಒಂದು ಹಂತದಲ್ಲಿ ನೂರಕ್ಕೂ ಹೆಚ್ಚು ದೊಡ್ಡ ಹೆಣ್ಣಿಗೆ ಒಂದು ದೊಡ್ಡ ಗಂಡು. ಆಗ ಇನ್ನೊಂದು ಆಟ ಶುರುವಾಗುತ್ತದೆ. ಆ ಒಂದು ಗಂಡಿನ ಗುಣ, ಒಳ್ಳೆಯದೋ ಕೆಟ್ಟದೋ, ಎಲ್ಲ ಮರಿಗಳಿಗೂ. ಇದರಲ್ಲಿ "ಯೋಗ್ಯ"ನ ಮಾತೇ ಇಲ್ಲ, ಯಾರು ಉಳಿದಿದ್ದರೋ ಅವರು.

ಮಂಜುಮುಸುಕು • ಬೆಳಗ್ಗೆ 9:20

ಅಂದರೆ ಬದಲಾವಣೆ ಸುಮ್ನೆ ಅದೃಷ್ಟದಿಂದಲೂ ಆಗಬಹುದು ಅಂತಾಯ್ತು. ಹಾಗಿದ್ದರೆ ಪೊಟರೆಜೇನು ಅವರ ಅಪ್ಪನ 2 ಪೆಟ್ಟಿಗೆಯೂ ಸುಮ್ನೆ ಅದೃಷ್ಟದ್ದು ಯಾಕಲ್ಲ? ರೋಗ ತಡೆಯುವ ಗುಣ ಗಿಣ ಏನೂ ಇಲ್ಲದೆ?

ಬಯೋಟೀಚರ್ • ಬೆಳಗ್ಗೆ 9:24

ಒಳ್ಳೆ ಪ್ರಶ್ನೆ. ಕ್ಲಾಸ್ ಇದೆ, ಸಂಜೆ ಬರುತ್ತೇನೆ.

ಎಲೆಚಿಟ್ಟೆ • ಬೆಳಗ್ಗೆ 9:50

ಮೇಡಂ ಬರುವವರೆಗೆ ನಾನು. ಇದಕ್ಕೆ ಜೆನೆಟಿಕ್ ಡ್ರಿಫ್ಟ್ ಅಂತಾರೆ. ಕಣದಲ್ಲಿ ಅರೇಬಿಕಾ, ರೊಬಸ್ಟಾ ಅರ್ಧರ್ಧ ಬೆರೆಸಿ ರಾಶಿ ಹಾಕಿದ್ದೀರಿ ಅಂದುಕೊಳ್ಳಿ. ಮೂಟೆಗಟ್ಟಲೆ ತುಂಬಿದರೆ ಪ್ರತಿ ಮೂಟೆಯಲ್ಲೂ ಹೆಚ್ಚುಕಡಿಮೆ ಅರ್ಧರ್ಧ ಇರುತ್ತದೆ. ಕಣ್ಣು ಮುಚ್ಚಿ ಐದೇ ಬೀಜ ತೆಗೆದರೆ? ನಾಲ್ಕು ರೊಬಸ್ಟಾ ಬರಬಹುದು, ಐದೂ ಬರಬಹುದು. ಆ ಐದರಿಂದಲೇ ಹೊಸ ತೋಟ ಎಬ್ಬಿಸಿದರೆ ಅರೇಬಿಕಾ ಅಲ್ಲಿಗೆ ಮುಗೀತು. ರೊಬಸ್ಟಾ ಉತ್ತಮ ಅಂತ ಅಲ್ಲ, ಕೈಗೆ ಸಿಕ್ಕಿದ್ದು ಅದು.

ಇದಕ್ಕೆ ನಮ್ಮ ದೇಶದ್ದೇ ಚಂದದ ಉದಾಹರಣೆ ಇದೆ. ಒಡಿಶಾದ ಸಿಮಿಲಿಪಾಲ್ ಹುಲಿಗಳು. ಪಟ್ಟೆ ಅಗಲವಾಗಿ ಒಂದಕ್ಕೊಂದು ಕೂಡಿ ಹುಲಿ ಹೆಚ್ಚುಕಡಿಮೆ ಕಪ್ಪಗೆ ಕಾಣುತ್ತದೆ. ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ನವರು 2021ರಲ್ಲಿ ಕಾರಣ ಹೇಳಿದರು. ಒಂದೇ ಜೀನಿನಲ್ಲಿ ಒಂದು ಸಣ್ಣ ಬದಲು. ಅಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಹುಲಿ ಹೀಗೆ, ಬೇರೆ ಯಾವ ಕಾಡಿನಲ್ಲೂ ಈ ಥರದ್ದು ಸಿಕ್ಕಿಲ್ಲ. ಸಿಮಿಲಿಪಾಲ್ ಬೇರೆ ಹುಲಿ ಕಾಡುಗಳಿಂದ ದೂರ, ಹುಲಿ ಕಡಿಮೆ, ಹೊರಗಿಂದ ಬರುವವು ಇರಲಿಲ್ಲ. ಕೆಲವೇ ಹುಲಿಗಳಿಂದ ಬೆಳೆದ ಗುಂಪು. ಬೀಜ ಐದೇ ತೆಗೆದಂತೆ.

ಕುಟ್ಟರೋಡ್ • ಬೆಳಗ್ಗೆ 10:15

ಹಾಗಾದರೆ ಕಬಿನಿಯ ಕರಿಚಿರತೆಯೂ ಡ್ರಿಫ್ಟಾ? ಕ್ಯಾಮೆರಾ ಹಿಡಿದವರೆಲ್ಲ ಅದರ ಹಿಂದೆ ಸುತ್ತಿದ್ದೇ ಸುತ್ತಿದ್ದು. ನಾನು ನಾಗರಹೊಳೆ ರಸ್ತೆಯಲ್ಲಿ ಹನ್ನೆರಡು ವರ್ಷ ಗಾಡಿ ಓಡಿಸಿದ್ದೇನೆ. ನನಗೆ ಸಿಕ್ಕಿದ್ದು ಬರೀ ಹಂದಿ.

ಲೆಕ್ಕಮಾಸ್ತರು (ನಿವೃತ್ತ) • ಬೆಳಗ್ಗೆ 11:00

ಚಿರತೆಯಲ್ಲಿ ಕಪ್ಪು ಬಣ್ಣದ ಜೀನು ಅಡಗುವ ಜಾತಿ. ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಸಿಕ್ಕಿದರೆ ಮಾತ್ರ ಮರಿ ಕಪ್ಪು. ಒಂದೇ ಇದ್ದರೆ ಸಾಮಾನ್ಯ ಚಿರತೆಯೇ. ಲೆಕ್ಕಕ್ಕೆ ಸುಮ್ಮನೆ ಹಿಡಿಯಿರಿ: ಒಂದು ಕಾಡಿನಲ್ಲಿ ನೂರಕ್ಕೆ 1 ಚಿರತೆ ಕಪ್ಪು. ಅಂದರೆ ಆ ಜೀನಿನ ಪಾಲು ಹತ್ತರಲ್ಲಿ ಒಂದು, ಹತ್ತರಲ್ಲಿ ಒಂದನ್ನು ಅದರಿಂದಲೇ ಗುಣಿಸಿದರೆ ನೂರರಲ್ಲಿ ಒಂದು. ಹಾಗಿದ್ದರೆ ಬಣ್ಣ ಸಾಮಾನ್ಯವಿದ್ದು ಒಳಗೆ ಜೀನು ಹೊತ್ತವು ಎಷ್ಟು? 2 × 0.9 × 0.1, ನೂರಕ್ಕೆ 18. ಕಾಣುವ ಒಂದರ ಹಿಂದೆ ಕಾಣದ ಹದಿನೆಂಟು!

1908ರಲ್ಲಿ ಹಾರ್ಡಿ ಎಂಬ ಗಣಿತದವನೂ ವೈನ್‌ಬರ್ಗ್ ಎಂಬ ಡಾಕ್ಟರೂ ಬೇರೆ ಬೇರೆಯಾಗಿ ಇದನ್ನು ಹೇಳಿದರು. ಯಾವ ಒತ್ತಡವೂ ಇಲ್ಲದೆ, ಗುಂಪು ತುಂಬಾ ದೊಡ್ಡದಿದ್ದು, ಬರುವವರು ಹೋಗುವವರು ಇಲ್ಲದೆ, ಹೊಸ ಬದಲು ಹುಟ್ಟದೆ, ಜೋಡಿ ಎರ್ರಾಬಿರ್ರಿ ಆದರೆ ಈ ಪಾಲು ತಲೆಮಾರಿಂದ ತಲೆಮಾರಿಗೆ ಬದಲಾಗದು. ಬದಲಾಯಿತೆಂದರೆ ಇದರಲ್ಲಿ ಯಾವುದೋ ಒಂದು ಮುರಿದಿದೆ ಎಂದು ಅರ್ಥ. ಯಾವುದು ಮುರಿದಿದೆ ಹುಡುಕಿ, ಅದೇ ನಿಮ್ಮ ವಿಕಾಸ. ಗಣಿತ ಬೇಡ ಎನ್ನುವ ಬಯಾಲಜಿ ಹುಡುಗರಿಗೆ ಇದನ್ನು ತೋರಿಸಿ ಮೇಡಂ.

ಕುಟ್ಟರೋಡ್ • ಬೆಳಗ್ಗೆ 11:04

ಹದಿನೆಂಟರಲ್ಲಿ ಒಂದನ್ನಾದರೂ ನಾನು ನೋಡಿರಬಹುದು ಬಿಡಿ. ಸಮಾಧಾನ ಆಯ್ತು.

ಹೊಸಬಳು_22 • ಬೆಳಗ್ಗೆ 11:40

ನಮ್ಮ ಮನೆ ಹಿತ್ತಲಲ್ಲಿ ಈವ್ನಿಂಗ್ ಬ್ರೌನ್ ಚಿಟ್ಟೆ ಮಳೆಗಾಲದಲ್ಲಿ ರೆಕ್ಕೆ ಅಡಿಯಲ್ಲಿ ಸಾಲಾಗಿ ಕಣ್ಣಿನ ಚುಕ್ಕೆ ಇರುತ್ತದೆ. ಫೆಬ್ರವರಿಯಲ್ಲಿ ಬರುವವು ಒಣಗಿದ ಎಲೆ ಥರ, ಚುಕ್ಕೆ ಕಾಣಲ್ಲ. ಇದು ಅತಿ ಫಾಸ್ಟ್ ವಿಕಾಸ ಅಲ್ವಾ? ವರ್ಷಕ್ಕೆ ಎರಡು ಸಲ!

ಎಲೆಚಿಟ್ಟೆ • ಮಧ್ಯಾಹ್ನ 12:10

ನನ್ನ ಇಷ್ಟದ ಚಿಟ್ಟೆ. ಆದರೆ ಅಲ್ಲ. ಜೀನು ಅದೇ. ಮರಿಹುಳು ಬೆಳೆಯುವಾಗ ಸೆಕೆ, ತೇವ ಹೇಗಿದೆ ನೋಡಿ ರೆಕ್ಕೆ ಯಾವ ಥರ ಬರಬೇಕು ಅನ್ನುವುದು ತೀರ್ಮಾನ ಆಗುತ್ತದೆ. ಒಂದೇ ತಾಯಿಯ ಮೊಟ್ಟೆಗಳನ್ನು ಎರಡು ಕಡೆ ಸಾಕಿದರೆ ಎರಡು ಥರ ಚಿಟ್ಟೆ ಬರುತ್ತದೆ. ಒಂದೇ ಪಂಚೆ, ಮಳೆಗೆ ಎತ್ತಿ ಕಟ್ಟಿದ್ದೇವೆ, ಬಿಸಿಲಿಗೆ ಇಳಿಬಿಟ್ಟಿದ್ದೇವೆ. ಹೀಗೆ ಎರಡು ಥರ ಬದಲಿಸುವ ಶಕ್ತಿ ಇದೆಯಲ್ಲ, ಅದು ಮಾತ್ರ ವಿಕಾಸದಿಂದ ಬಂದದ್ದು.

ದೊಡ್ಡಪ್ಪನಮಗ • ಮಧ್ಯಾಹ್ನ 1:15

ನಗುವ ದೊಡ್ಡಪ್ಪನ ಮಗ ನಾನೇ. ಲಿಂಕ್ ಕಳಿಸಿದ್ದಾನೆ. ಕಾರ್ಖಾನೆ ಹೊಗೆಗೆ ಮರ ಕಪ್ಪಾದಾಗ ಕಪ್ಪು ಪತಂಗವೇ ಜಾಸ್ತಿ ಆಯ್ತು ಅಂತ ಪುಸ್ತಕದಲ್ಲಿ ಬರುವ ಮ್ಯಾಂಚೆಸ್ಟರಿನ ಕತೆ ಸುಳ್ಳು ಅಂತ ಎಲ್ಲರಿಗೂ ಗೊತ್ತು. ಸತ್ತ ಪತಂಗವನ್ನು ಮರಕ್ಕೆ ಅಂಟಿಸಿ ಫೋಟೋ ತೆಗೆದರು. ಇನ್ನು ನಿನ್ನ ಜೇನು!

ಬಯೋಟೀಚರ್ • ಸಂಜೆ 5:30

ಬನ್ನಿ ಬನ್ನಿ. ಫೋಟೋ ಅಂಟಿಸಿ ತೆಗೆದದ್ದು ನಿಜ, ಎರಡೂ ಬಣ್ಣ ಒಟ್ಟಿಗೆ ತೋರಿಸಲು. ಆದರೆ ಪತಂಗಗಳ ಎಣಿಕೆ ಫೋಟೋದಿಂದ ಬಂದದ್ದಲ್ಲ. ಮ್ಯಾಂಚೆಸ್ಟರಿನಲ್ಲಿ ಮೊದಲ ಕಪ್ಪು ಪತಂಗ ದಾಖಲಾದದ್ದು 1848ರಲ್ಲಿ. 1895ರ ಹೊತ್ತಿಗೆ ಅಲ್ಲಿ ಶೇ 98 ಕಪ್ಪು. 1956ರಲ್ಲಿ ಹೊಗೆ ಕಡಿಮೆ ಮಾಡುವ ಕಾನೂನು ಬಂದ ಮೇಲೆ ಮತ್ತೆ ಬಿಳಿಯದೇ ಜಾಸ್ತಿ. ಹಳೇ ಪ್ರಯೋಗದಲ್ಲಿ ತಪ್ಪಿದೆ ಅಂತ ಜಗಳ ಆದಾಗ ಮೈಕಲ್ ಮಜೆರಸ್ ಅನ್ನುವವರು 2001ರಿಂದ ತಮ್ಮದೇ ತೋಟದಲ್ಲಿ ಆರು ವರ್ಷ ಕೂತು 4,864 ಪತಂಗ ಬಿಟ್ಟು ನೋಡಿದರು. ಹಕ್ಕಿಗಳು ಎದ್ದು ಕಾಣುವ ಬಣ್ಣವನ್ನೇ ಜಾಸ್ತಿ ತಿಂದವು. ಸುಳ್ಳು ಅಂದಿದ್ದೇ ಸುಳ್ಳಾಯ್ತು.

ಈಗ ಬೆಳಗಿನ ಪ್ರಶ್ನೆ. ಎರಡೇ ಪೆಟ್ಟಿಗೆ ಉಳಿದದ್ದು ಅದೃಷ್ಟವೂ ಇರಬಹುದು, ಒಪ್ಪಿದೆ. ಆದರೆ ಪೊಟರೆಜೇನು ಈಗ ಸಾಕುತ್ತಿರುವುದು ಆ ಎರಡರ ಸಂತಾನ ಮಾತ್ರ ಅಲ್ಲ. ಹತ್ತು ಕಡೆಯ ಪೊಟರೆಯಿಂದ ತಂದದ್ದು. ಆಗ ದಕ್ಷಿಣದಲ್ಲಿ ಶೇ 90ಕ್ಕೂ ಮೇಲೆ ತುಡುವೆ ಹೋಯ್ತು. ಅಷ್ಟು ದೊಡ್ಡ ಸಾವಿನಿಂದ ಬೇರೆ ಬೇರೆ ಕಡೆ ಬಚಾವಾದವೆಲ್ಲ ಒಂದೇ ಗುಣ ತೋರಿಸಿದರೆ ಅದೃಷ್ಟ ಅನ್ನುವುದು ಕಷ್ಟ. ಅದೃಷ್ಟಕ್ಕೆ ದಿಕ್ಕಿಲ್ಲ, ಆಯ್ಕೆಗೆ ಇದೆ.

ಸುಳ್ಯದವ • ಸಂಜೆ 6:05

"ಹೊರಗಿಂದ ಕೊಂಡ ಪೆಟ್ಟಿಗೆ" ಅಂತ ಯಾರನ್ನು ಹೇಳ್ತಾ ಇದ್ದೀರಿ ಗೊತ್ತಿಲ್ಲ, ಆದರೆ ಘಟ್ಟದ ಕೆಳಗಿನ ಜೇನು ಸೋಂಬೇರಿ ಅಂತ ಆಗಬಾರದು. ನಮ್ಮಲ್ಲೂ 1992 ಆಗಿದೆ.

ಎರಡು ವಿಷಯ. ಸೆಕೆ ನಾಡಿನಿಂದ ಗಾಡಿಯಲ್ಲಿ ಘಟ್ಟ ಹತ್ತಿಸಿ, ಮೇ ಕೊನೆಗೆ ಮಳೆ ಶುರುವಾಗುವ ಹೊತ್ತಲ್ಲಿ ಇಟ್ಟರೆ ಯಾವ ಕುಟುಂಬವೂ ಸೊರಗುತ್ತದೆ. ಸೊರಗಿದ ಮೇಲೆ ರೋಗ ಬರುವುದು ಸುಲಭ. ಹಾಗಾಗಿ ಹತ್ತು ಹೆಜ್ಜೆ ಅಂತರದ ಹೋಲಿಕೆ ಸಮ ಅಲ್ಲ. ಸಕ್ಕರೆ ಪಾಕ ಎಷ್ಟು ಕೊಟ್ಟಿರಿ?

ಇನ್ನೊಂದು, ನಿಮ್ಮ ರಾಣಿ ನಿಮ್ಮ ಪೆಟ್ಟಿಗೆಯ ಗಂಡಿನ ಜೊತೆಗೆ ಮಾತ್ರ ಕೂಡಲ್ಲ. ಆಕಾಶಕ್ಕೆ ಹೋಗಿ ಹತ್ತು ಹದಿನೈದು ಗಂಡುಗಳ ಜೊತೆ ಕೂಡಿ ಬರ್ತಾಳೆ. ಆ ಗಂಡು ಪಕ್ಕದ ಕಾಡಿನದ್ದೂ ಇರಬಹುದು, ನಾನು ಮಾರಿದ ಪೆಟ್ಟಿಗೆಯದ್ದೂ ಇರಬಹುದು. ಹೊರಗಿನ ಜೇನು ತಂದು ಇಟ್ಟಾಗಲೇ ನಿಮ್ಮ ಗಟ್ಟಿ ತಳಿಗೆ ಬೇರೆ ಜೀನು ಬೆರೆಯಲು ಶುರು.

ಪೊಟರೆಜೇನು • ಸಂಜೆ 6:40

ಅಣ್ಣ, ನಿಮ್ಮನ್ನು ಅಂದದ್ದಲ್ಲ. ಪಾಕ ಎಲ್ಲಕ್ಕೂ ಒಂದೇ ಅಳತೆ ಕೊಟ್ಟೆ. ಆದರೆ ಮೇ ಕೊನೆಗೆ ತಂದದ್ದು ನಿಜ. ಅದು ನನ್ನದೇ ತಪ್ಪು.

ಮಂಜುಮುಸುಕು • ಸಂಜೆ 7:10

ನನ್ನದು ಇನ್ನೊಂದು ತಗಾದೆ. ಬದಲಾದದ್ದು ಜೇನು ಅಂತ ಯಾಕೆ? ವೈರಸ್ಸೇ ಸಾಧು ಆಗಿರಬಹುದು.

ಬಯೋಟೀಚರ್ • ಸಂಜೆ 7:45

ನೀವು ಪ್ರತಿ ಸಲ ಸರಿಯಾದ ಜಾಗಕ್ಕೇ ಚುಚ್ಚುತ್ತೀರಿ. ಎರಡೂ ಆಗಬಹುದು. ಆಸ್ಟ್ರೇಲಿಯಾದಲ್ಲಿ ಮೊಲದ ಕಾಟ ತಡೆಯಲಾಗದೆ 1950ರಲ್ಲಿ ಮಿಕ್ಸೋಮಾ ವೈರಸ್ ಬಿಟ್ಟರು. ಮೊದಲು ರೋಗ ಬಂದ ಮೊಲ ಹೆಚ್ಚುಕಡಿಮೆ ಎಲ್ಲ ಸತ್ತವು. ಕೆಲವೇ ವರ್ಷದಲ್ಲಿ ಸಾವು ಕಡಿಮೆಯಾಯಿತು. ಫ್ರಾಂಕ್ ಫೆನ್ನರ್ ಅವರ ತಂಡ ಜಾಣ ಕೆಲಸ ಮಾಡಿತು. ಲ್ಯಾಬಿನಲ್ಲಿ ಇಟ್ಟಿದ್ದ ಅದೇ ಗೊತ್ತಿರುವ ವೈರಸ್ಸನ್ನು ವರ್ಷ ವರ್ಷ ಹೊಸದಾಗಿ ಹಿಡಿದ ಕಾಡು ಮೊಲಕ್ಕೆ ಕೊಟ್ಟು ನೋಡಿದರು. ಮೊಲ ಗಟ್ಟಿಯಾಗಿತ್ತು. ಕಾಡಿನ ಹೊಸ ವೈರಸ್ಸನ್ನು ರೋಗವನ್ನೇ ನೋಡದ ಲ್ಯಾಬ್ ಮೊಲಕ್ಕೆ ಕೊಟ್ಟರು. ವೈರಸ್ಸೂ ಮೆದುವಾಗಿತ್ತು. ಮೊಲವನ್ನು ತಕ್ಷಣ ಕೊಂದರೆ ಸೊಳ್ಳೆ ಕಚ್ಚಿ ಬೇರೆ ಮೊಲಕ್ಕೆ ಒಯ್ಯಲು ಸಮಯವೇ ಇಲ್ಲ, ಅದಕ್ಕೇ ತುಂಬಾ ಕ್ರೂರ ವೈರಸ್ಸಿಗೆ ನಷ್ಟ.

2019ರಲ್ಲಿ ಮ್ಯೂಸಿಯಂಗಳಲ್ಲಿದ್ದ ಹಳೇ ಮೊಲಗಳ ಜೀನನ್ನೂ ಈಗಿನ ಮೊಲಗಳ ಜೀನನ್ನೂ ಹೋಲಿಸಿದರು. ಆಸ್ಟ್ರೇಲಿಯಾ, ಬ್ರಿಟನ್, ಫ್ರಾನ್ಸ್, ಮೂರೂ ಕಡೆ ಅವೇ ಜೀನುಗಳ ಪಾಲು ಏರಿತ್ತು. ಆ ಹಳೇ ಮೊಲಗಳಲ್ಲಿ ಒಂದು ಚಾರ್ಲ್ಸ್ ಡಾರ್ವಿನ್ ಅವರದ್ದೇ!

ಕುಟ್ಟರೋಡ್ • ರಾತ್ರಿ 8:00

ಗಾಡಿಗೆ ಸಿಕ್ಕಿ ಸಾಯುವ ಪ್ರಾಣಿಗಳೂ ಬದಲಾಗ್ತವಾ? ನಾಯಿಗಳು ಈಗ ಎರಡೂ ಕಡೆ ನೋಡಿ ದಾಟುತ್ತವೆ. ಮನುಷ್ಯರು ನೋಡಲ್ಲ.

ಎಲೆಚಿಟ್ಟೆ • ರಾತ್ರಿ 8:12

ನಾಯಿಯದು ಕಲಿಕೆ ಇರಬಹುದು. ಆದರೆ ಅಮೆರಿಕದ ನೆಬ್ರಾಸ್ಕದಲ್ಲಿ ಸೇತುವೆ ಅಡಿ ಗೂಡು ಕಟ್ಟುವ ಒಂದು ಕವಲುತೋಕೆ ಥರದ ಹಕ್ಕಿ ಇದೆ, ಕ್ಲಿಫ್ ಸ್ವಾಲೋ. ಗಂಡಹೆಂಡತಿ ವಿಜ್ಞಾನಿಗಳಿಬ್ಬರು ಮೂವತ್ತು ವರ್ಷ ಅದೇ ರಸ್ತೆಯಲ್ಲಿ ಸತ್ತ ಹಕ್ಕಿ ಹೆಕ್ಕಿ ರೆಕ್ಕೆ ಅಳೆದರು. ವರ್ಷ ಕಳೆದ ಹಾಗೆ ಗಾಡಿಗೆ ಸಿಕ್ಕಿ ಸಾಯುವುದು ಕಡಿಮೆ, ಗುಂಪಿನ ರೆಕ್ಕೆ ಗಿಡ್ಡ. ಸತ್ತವುಗಳ ರೆಕ್ಕೆ ಮಾತ್ರ ಉದ್ದ. ಗಿಡ್ಡ ರೆಕ್ಕೆ ಇದ್ದರೆ ಥಟ್ಟನೆ ಮೇಲೆದ್ದು ತಿರುಗಲು ಸುಲಭ. ಗಾಡಿ ಓಡಾಟ ಕಡಿಮೆ ಆಗಿರಲಿಲ್ಲ.

ಕುಟ್ಟರೋಡ್ • ರಾತ್ರಿ 8:15

ಮೂವತ್ತು ವರ್ಷ ರಸ್ತೆಯಲ್ಲಿ ಸತ್ತ ಹಕ್ಕಿ ಹೆಕ್ಕಿದರಾ. ಆ ಸಂಸಾರಕ್ಕೆ ಕೈ ಮುಗಿದೆ.

ಬಯೋಟೀಚರ್ • ರಾತ್ರಿ 8:40

ಪೊಟರೆಜೇನು, ನೀವೂ ಒಂದು ಸಣ್ಣ ಪರೀಕ್ಷೆ ಮಾಡಬಹುದು. ನಿಮ್ಮ ನೊಣಗಳು ಸತ್ತ ಮರಿ ಎಳೆದು ಹಾಕಿದವು ಅಂದಿರಲ್ಲ, ಅದು ವಂಶದಲ್ಲಿ ಬರುವ ಗುಣ. 1964ರಲ್ಲಿ ರಾಥೆನ್‌ಬ್ಯೂಲರ್ ಅನ್ನುವವರು ಯುರೋಪಿನ ಜೇನಿನಲ್ಲಿ ತೋರಿಸಿದರು. ಶುಚಿ ಜೇನನ್ನೂ ಕೊಳಕು ಜೇನನ್ನೂ ಕೂಡಿಸಿ, ಆ ಮಕ್ಕಳನ್ನು ಮತ್ತೆ ಶುಚಿ ತಳಿಗೆ ಕೂಡಿಸಿದಾಗ ಬಂದ ಕುಟುಂಬಗಳಲ್ಲಿ ಕೆಲವು ಸತ್ತ ಮರಿಯ ಮುಚ್ಚಳ ತೆಗೆದು ಮರಿಯನ್ನು ಅಲ್ಲೇ ಬಿಟ್ಟವು. ಕೆಲವು ಮುಚ್ಚಳ ಮುಟ್ಟಲಿಲ್ಲ, ಆದರೆ ಮನುಷ್ಯ ತೆಗೆದುಕೊಟ್ಟರೆ ಮರಿ ಎಳೆದು ಹಾಕಿದವು! ಎರಡು ಕೆಲಸಕ್ಕೆ ಬೇರೆ ಬೇರೆ ಜೀನು. ಈಗ ಇನ್ನೂ ಹೆಚ್ಚು ಜೀನುಗಳ ಕೈವಾಡ ಇದೆ ಅನ್ನುತ್ತಾರೆ.

ಮುಚ್ಚಳ ಹಾಕಿದ ಮರಿ ಇರುವ ಎರಿ ತೆಗೆದು, ತೆಳು ಸೂಜಿಯಲ್ಲಿ 50 ಕೋಶ ಚುಚ್ಚಿ, ಗುರುತು ಮಾಡಿ ವಾಪಸ್ ಇಡಿ. 24 ಗಂಟೆ ಬಿಟ್ಟು ಎಷ್ಟು ಖಾಲಿಯಾಗಿದೆ ಎಣಿಸಿ. ಹಳೇ ಪೆಟ್ಟಿಗೆಯಲ್ಲಿ ನಾಲ್ಕು, ಕೊಂಡದ್ದರಲ್ಲಿ ಉಳಿದ ಒಂದು.

ಪೊಟರೆಜೇನು • ಮಾರ್ಚ್ 23, ಸಂಜೆ 6:20

ಮಾಡಿದೆ. ಮಗಳು ಎಣಿಸಿದಳು, ನಾನು ಹೊಗೆ ಹಿಡಿದೆ. ಯಾವ ಪೆಟ್ಟಿಗೆ ಹಳೇದು ಯಾವುದು ಕೊಂಡದ್ದು ಅಂತ ಅವಳಿಗೆ ಹೇಳಿರಲಿಲ್ಲ, ಅದು ಲೆಕ್ಕಮಾಸ್ತರರು ಫೋನಿನಲ್ಲಿ ಕೊಟ್ಟ ಐಡಿಯಾ.

ಹಳೇ ನಾಲ್ಕು ಪೆಟ್ಟಿಗೆ, 50ರಲ್ಲಿ: 48, 50, 31, 46.
ಕೊಂಡದ್ದರಲ್ಲಿ ಉಳಿದ ಒಂದು: 49.

ನನಗೆ ಸ್ವಲ್ಪ ನಿರಾಸೆ. ಕೊಂಡದ್ದು ಸೋಲುತ್ತದೆ ಅಂದುಕೊಂಡಿದ್ದೆ.

ಸುಳ್ಯದವ • ಸಂಜೆ 6:31

ಹ್ಹಹ್ಹ! ನೋಡಿ! ಘಟ್ಟದ ಕೆಳಗಿನದ್ದು!

ಬಯೋಟೀಚರ್ • ಸಂಜೆ 6:50

ನಿರಾಸೆ ಯಾಕೆ? ನನಗಂತೂ ಇದೇ ಇಷ್ಟವಾಯ್ತು. ಆರರಲ್ಲಿ ಐದು ಸತ್ತು ಉಳಿದ ಒಂದೇ ಒಂದು ಪೆಟ್ಟಿಗೆ 49 ತೆಗೆದಿದೆ. 1992ರಲ್ಲಿ ಅಪ್ಪನ 40 ಪೆಟ್ಟಿಗೆಗೆ ಆದದ್ದೇ ಹೋದ ವರ್ಷ ನಿಮ್ಮ ಆರಕ್ಕೆ ಆಗಿರಬಹುದು. ನೀವು ಚುಚ್ಚಿದ್ದು ಜರಡಿ ಹಿಡಿದ ಮೇಲೆ ಉಳಿದದ್ದನ್ನು. ಸತ್ತ ಐದರ ನೊಣ ಇದ್ದಿದ್ದರೆ ಎಷ್ಟು ತೆಗೆಯುತ್ತಿದ್ದವು ಅನ್ನುವುದೇ ಬೇಕಿತ್ತು, ಅದು ಸಿಗಲ್ಲ.

ಮಂಜುಮುಸುಕು • ಸಂಜೆ 7:02

ಅಥವಾ ತುಡುವೆಯೇ ಹುಟ್ಟಾ ಶುಚಿ ಜಾತಿ, ಯಾವ ಪೆಟ್ಟಿಗೆ ಚುಚ್ಚಿದರೂ ಇಷ್ಟೇ ಬರ್ತದೆ. ಒಂದು ಪೆಟ್ಟಿಗೆಯಿಂದ ಎಂತ ತೀರ್ಮಾನ?

ಲೆಕ್ಕಮಾಸ್ತರು • ಸಂಜೆ 7:20

ಮಂಜು ಅವರ ಮಾತು ಸರಿ. ಒಂದು ಪೆಟ್ಟಿಗೆ ಒಂದು ಪೆಟ್ಟಿಗೆಯೇ. ಆದರೆ ಆ 31 ನನಗೆ ಕುತೂಹಲ. ನಿಮ್ಮದೇ ಹಳೇ ಪೆಟ್ಟಿಗೆಯಲ್ಲಿ 50 ಇದೆ, 31 ಇದೆ. ವ್ಯತ್ಯಾಸ ಇನ್ನೂ ಮುಗಿದಿಲ್ಲ. 31ರ ರಾಣಿಯ ಮಗಳನ್ನೂ 50ರ ರಾಣಿಯ ಮಗಳನ್ನೂ ಸಮ ಪೆಟ್ಟಿಗೆಯಲ್ಲಿ ಬೆಳೆಸಿ, ಮತ್ತೆ ಚುಚ್ಚಿ. ಮಕ್ಕಳು ತಾಯಿಯಂತೆ ಬಂದರೆ ಮೇಡಂ ಅವರ ಎರಡನೇ ಕಂಡೀಷನ್‌ಗೆ ಸ್ವಲ್ಪ ಬಲ.

ಪೊಟರೆಜೇನು • ಸಂಜೆ 7:45

31ರದ್ದು ಹೋದ ಡಿಸೆಂಬರಿನಲ್ಲಿ ಕುಟುಂಬ ಎರಡು ಪಾಲಾದಾಗ ಬಂದ ಹೊಸ ರಾಣಿ. ಆಗ ಕೊಂಡ ಪೆಟ್ಟಿಗೆಯ ಗಂಡುಗಳೂ ಹಾರ್ತಾ ಇದ್ದವು. ಸುಳ್ಯದ ಅಣ್ಣ ಹೇಳಿದ ಬೆರಕೆ ಅದೇನಾ?

ಸುಳ್ಯದವ • ಸಂಜೆ 7:52

ಆಗಲೇ ನನ್ನ ಮೇಲೆ ಹಾಕಿದಿರಿ! ಡಿಸೆಂಬರಿಗೆ ನಿಮ್ಮಲ್ಲಿ ಕೊಂಡದ್ದು ಉಳಿದದ್ದೇ ಒಂದು, ಅದು 49ರದ್ದು. ಬೆರಕೆ ಆಗಿದ್ದರೆ ಒಳ್ಳೆಯದೇ ಆಗಬೇಕಿತ್ತು. ಪಕ್ಕದ ಕಾಡು ನೋಡಿ.

ದೊಡ್ಡಪ್ಪನಮಗ • ರಾತ್ರಿ 8:10

ಲಕ್ಷ ವರ್ಷದ ಮಾತು ನಾನು ವಾಪಸ್ ತಗೊಂಡೆ. 31ರ ಪೆಟ್ಟಿಗೆಯ ಪಾಲು ಬಂದರೆ ನನಗೆ ಕೊಡು. ನಮ್ಮ ತೋಟದಲ್ಲಿ ಬೇರೆ ಜೇನು ಇಲ್ಲ, ಅಲ್ಲಿ ಸಾಕಿ ನೋಡೋಣ.

ಪೊಟರೆಜೇನು • ರಾತ್ರಿ 8:14

ಕೊಡ್ತೇನೆ. ಖಾಲಿ ಪೆಟ್ಟಿಗೆ ನೀನೇ ತಾ. ನಮ್ಮ ಅಟ್ಟದಲ್ಲಿ ಇರುವುದರಲ್ಲಿ ಮತ್ತೆ ಕೋಳಿ ಕೂತಿದೆ.